ಶ್ರೀಲಂಕಾ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗಳು: ಹುಲಿ, ಕೆರೆ, ಆನೆ, ಸಿಲೋನ್ ಹೆಸರು

ಕೆರೆಏರಿ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ನಾಲ್ಕು ವರ್ಷ ಶ್ರೀಲಂಕಾದ ಅನುರಾಧಪುರ ಜಿಲ್ಲೆಯಲ್ಲಿದ್ದೆ. ಹೋದ ತಿಂಗಳು ತುಮಕೂರಿಗೆ ವಾಪಸ್ ಬಂದೆ. ಬಂದಾಗಿನಿಂದ ನೆಂಟರು, ಗೆಳೆಯರು ಎಲ್ಲರೂ ಅವೇ ಪ್ರಶ್ನೆ ಕೇಳುತ್ತಿದ್ದಾರೆ. ಎಷ್ಟು ದೊಡ್ಡ ದೇಶ? ಹುಲಿ ಇದೆಯಾ? ಸಿಲೋನ್ ಅಂದ್ರೆ ಅದೇನಾ? ರಾಮಸೇತು ನೋಡಿದ್ರಾ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯೋಣ ಅನ್ನಿಸಿತು. ನೀವೂ ಕೇಳಿ. ಗೊತ್ತಿದ್ದವರು ಸೇರಿಸಿ.

ಮೊದಲು ಅಳತೆ. ಶ್ರೀಲಂಕಾ 65,610 ಚದರ ಕಿ.ಮೀ. ನಮ್ಮ ಕರ್ನಾಟಕ 1,91,791. ಅಂದರೆ ನಮ್ಮ ರಾಜ್ಯದ ಮೂರರಲ್ಲಿ ಒಂದು ಪಾಲು. ಜನ ಸುಮಾರು 2.2 ಕೋಟಿ. ಅಷ್ಟೇ ಜಾಗದಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ, ಸುತ್ತಲೂ ಕರಾವಳಿ. ಬೆಟ್ಟಗಳೆಲ್ಲ ನಡುವೆ, ಸ್ವಲ್ಪ ದಕ್ಷಿಣಕ್ಕೆ. ಅತಿ ಎತ್ತರದ್ದು ಪಿದುರುತಲಗಲ, 2,524 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 600 ಮೀಟರ್ ಜಾಸ್ತಿ. ಯಾತ್ರಿಕರು ಹತ್ತುವ ಶ್ರೀಪಾದ ಬೆಟ್ಟವೇ ಎಲ್ಲಕ್ಕಿಂತ ಎತ್ತರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು 2,243 ಮೀಟರ್ ಅಷ್ಟೇ. ಒಂಟಿಯಾಗಿ, ಚೂಪಾಗಿ ನಿಂತಿರುವುದರಿಂದ ಹಾಗೆ ಕಾಣುತ್ತದೆ.

ಮಳೆ ಲೆಕ್ಕ ನಮ್ಮ ಜನಕ್ಕೆ ಬೇಗ ಅರ್ಥವಾಗುತ್ತದೆ. ಮುಂಗಾರು ನೈಋತ್ಯದಿಂದ ಬಂದು ಬೆಟ್ಟಕ್ಕೆ ಹೊಡೆಯುತ್ತದೆ. ಆ ಇಳಿಜಾರಿನಲ್ಲಿ ಕೆಲವು ಕಡೆ ವರ್ಷಕ್ಕೆ 5,000 ಮಿ.ಮೀ. ಮಳೆ. ಬೆಟ್ಟದ ಆಚೆಗೆ ಉತ್ತರ, ಪೂರ್ವಕ್ಕೆ ಹೋದರೆ ಮಳೆನೆರಳು. ಆ ಭಾಗಕ್ಕೆ ಜೀವ ಕೊಡುವುದು ಹಿಂಗಾರು. ಆಗುಂಬೆ ಮತ್ತು ಪಾವಗಡವನ್ನು ಮೂರು ನಾಲ್ಕು ಗಂಟೆಯ ದಾರಿಯಲ್ಲಿ ಇಟ್ಟ ಹಾಗೆ.

ಕಾಡುಪಾಪ
ಅಣ್ಣಾ, ಹುಲಿ ವಿಷಯ ಹೇಳಿ. ನಮ್ಮ ಹಾಸ್ಟೆಲ್‌ನಲ್ಲಿ ಇದೇ ಜಗಳ ನಡೆದಿದೆ.

ಕೆರೆಏರಿ
ಹುಲಿ ಇಲ್ಲ. ಅಲ್ಲಿನ ಕಾಡಿಗೆ ಚಿರತೆಯೇ ದೊಡ್ಡಪ್ಪ. ಸಿಂಹಳದಲ್ಲಿ ಅದಕ್ಕೆ ಕೊಟಿಯಾ ಅಂತಾರೆ. ಬಾವುಟದಲ್ಲಿ ಸಿಂಹ ಇದೆ, ಕಾಡಲ್ಲಿ ಅದೂ ಇಲ್ಲ. ಕಾಟಿ, ಅಂದರೆ ಕಾಡುಕೋಣ, ಅದು ಕೂಡ ಇಲ್ಲ. ಹುಲಿ ಭಾರತದಿಂದ ಅಲ್ಲಿಗೆ ದಾಟಲೇ ಇಲ್ಲ ಅಂತ ಕೇಳಿದ್ದೇನೆ.

ಕಾಡುಪಾಪ
ಕೊನೆಯ ಮಾತು ತಪ್ಪು ಅಣ್ಣಾ. ಹುಲಿ ಅಲ್ಲಿತ್ತು. ಕೊನೆಯ ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಭಾರತ, ಲಂಕಾ ನಡುವಿನ ಪಾಕ್ ಕೊಲ್ಲಿ ಬಹುಪಾಲು 15 ಮೀಟರ್ ಆಳವೂ ಇಲ್ಲ. ಹಾಗಾಗಿ ಆಗ ಅದು ಒಣನೆಲ. ಪ್ರಾಣಿಗಳು ಸುಮ್ನೆ ನಡೆದುಕೊಂಡು ಹೋಗಿವೆ. ರತ್ನಪುರದ ಕಡೆ ರತ್ನಕ್ಕಾಗಿ ತೋಡಿದ ಗುಂಡಿಗಳಲ್ಲಿ ಖಡ್ಗಮೃಗ, ನೀರುಕುದುರೆಗಳ ಪಳೆಯುಳಿಕೆ ಸಿಕ್ಕಿದೆ. ಕುರುವಿಟ ಹತ್ತಿರ ಸಿಂಹದ ಹಲ್ಲು ಸಿಕ್ಕಿ, ಅದಕ್ಕೆ 1939ರಲ್ಲೇ ಪ್ರತ್ಯೇಕ ಹೆಸರಿಟ್ಟರು. ಹುಲಿಯ ಪಳೆಯುಳಿಕೆಯೂ ಸಿಕ್ಕಿದೆ. ಕಾಟಿಯದ್ದೂ ಸಿಕ್ಕಿದೆ. ಅವೆಲ್ಲ ಅಳಿದವು, ಸಮುದ್ರ ಏರಿತು, ಮತ್ತೆ ಬರುವ ದಾರಿ ಮುಚ್ಚಿತು.

ಹುಲಿ ಇಲ್ಲದ್ದರಿಂದ ಅಲ್ಲಿನ ಚಿರತೆ ಹಗಲಲ್ಲೂ ಓಡಾಡುತ್ತದೆ. ಯಾಲ ಕಾಡಿನಲ್ಲಿ ಬಂಡೆ ಮೇಲೆ ಆರಾಮಾಗಿ ಮಲಗಿರುತ್ತದೆ. ನಮ್ಮ ಬಂಡೀಪುರದ ಚಿರತೆಗೆ ಆ ಭಾಗ್ಯ ಇಲ್ಲ, ಯಾವಾಗಲೂ ಹುಲಿಯ ಭಯ. ಮತ್ತೆ ನನ್ನ ಹೆಸರಿನ ಪ್ರಾಣಿ, ಕಾಡುಪಾಪ, ಅಲ್ಲೂ ಇದೆ! ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಸೇರಿಸಿ ಒಂದೇ ಜೀವವೈವಿಧ್ಯ ತಾಣ ಅಂತ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ.

ಕೆರೆಏರಿ
ತುಂಬಾ ಒಳ್ಳೆಯದಾಯ್ತು ತಂಗಿ. ನಾಲ್ಕು ವರ್ಷ ತಪ್ಪು ತಿಳಿದುಕೊಂಡಿದ್ದೆ.

ಪುಟ್ಟಿಯ_ಅಮ್ಮ
ಹಾಗಾದ್ರೆ ರಾಮಸೇತು ಅಂದರೆ ಆ ಹಳೆಯ ನೆಲವೇನಾ? ಮಗಳ ಪ್ರಾಜೆಕ್ಟ್‌ಗೆ ಬೇಕು, ಆರನೇ ಕ್ಲಾಸು. ರಾಜಧಾನಿ ಕೊಲಂಬೋ ಅಂತ ಬರೆದಿದ್ದಾಳೆ, ಸರಿನಾ?

ಕೆರೆಏರಿ
ರಾಮಸೇತು ಅಂದರೆ ನಮ್ಮ ಧನುಷ್ಕೋಡಿಯಿಂದ ಲಂಕೆಯ ತಲೈಮನ್ನಾರ್‌ವರೆಗೆ ಸುಮಾರು 30 ಕಿ.ಮೀ. ಮರಳು ದಿಬ್ಬ, ಸುಣ್ಣಕಲ್ಲಿನ ತಿಟ್ಟುಗಳ ಸಾಲು. ನಡುನಡುವೆ ನೀರು. ಕೆಲವು ಕಡೆ ಒಂದೆರಡು ಮೀಟರ್ ಆಳ ಅಷ್ಟೇ, ಹಾಗಾಗಿ ದೊಡ್ಡ ಹಡಗು ಆ ದಾರಿಯಲ್ಲಿ ಹೋಗಲ್ಲ, ಲಂಕೆಯನ್ನು ಸುತ್ತಿಕೊಂಡು ಹೋಗುತ್ತದೆ. ನಮಗೆ ಅದು ರಾಮ ಕಟ್ಟಿಸಿದ ಸೇತುವೆ. ಬ್ರಿಟಿಷರ ನಕ್ಷೆಯಲ್ಲಿ ಆಡಮ್ಸ್ ಬ್ರಿಜ್. ಮಗಳ ಪ್ರಾಜೆಕ್ಟ್‌ನಲ್ಲಿ ನಂಬಿಕೆಯನ್ನೂ ಬರೆಯಲಿ, ಭೂಗೋಳವನ್ನೂ ಬರೆಯಲಿ. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆದರೆ ಸಾಕು.

ರಾಜಧಾನಿ ಶ್ರೀ ಜಯವರ್ಧನಪುರ ಕೋಟೆ. ಕೊಲಂಬೋಗೆ ಅಂಟಿಕೊಂಡೇ ಇದೆ. ಸಂಸತ್ತು 1982ರಲ್ಲಿ ಅಲ್ಲಿಗೆ ಹೋಯಿತು. ಕೆರೆಯ ನಡುವಿನ ದ್ವೀಪದ ಮೇಲೆ ಕಟ್ಟಡ, ಜೆಫ್ರಿ ಬಾವಾ ಅವರ ವಿನ್ಯಾಸ. ವ್ಯಾಪಾರ, ಬಂದರು ಎಲ್ಲ ಕೊಲಂಬೋದಲ್ಲೇ.

ಹಳೇ_ಮೇಷ್ಟ್ರು
ಸಿಲೋನ್ ಹೆಸರಿನ ಬಗ್ಗೆ ಇಷ್ಟು ಬರೆದುಕೊಳ್ಳಮ್ಮ. ಪೋರ್ಚುಗೀಸರು ಬಂದದ್ದು 1505ರಲ್ಲಿ. ಅವರು ಸೆಯಿಲಾವೊ ಎಂದರು. 1658ರ ಹೊತ್ತಿಗೆ ಡಚ್ಚರು ಅವರನ್ನು ಪೂರ್ತಿ ಓಡಿಸಿದರು. 1796ರಲ್ಲಿ ಬ್ರಿಟಿಷರು ಡಚ್ಚರಿಂದ ಕರಾವಳಿ ಕಿತ್ತುಕೊಂಡರು. ಬೆಟ್ಟದ ಮೇಲಿನ ಕ್ಯಾಂಡಿ ಮಾತ್ರ ಯಾರಿಗೂ ಬಗ್ಗಲಿಲ್ಲ, 1815ರವರೆಗೆ. ಅಲ್ಲಿನ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ಮಧುರೆ ಕಡೆಯ ನಾಯಕರ ಮನೆತನದವನು. ಅವನನ್ನು ವೆಲ್ಲೂರು ಕೋಟೆಗೆ ತಂದು ಇಟ್ಟರು, ಅಲ್ಲೇ 1832ರಲ್ಲಿ ತೀರಿಕೊಂಡ. ಸ್ವಾತಂತ್ರ್ಯ ಬಂದದ್ದು 4 ಫೆಬ್ರವರಿ 1948. ಸಿಲೋನ್ ಹೋಗಿ ಶ್ರೀಲಂಕಾ ಆದದ್ದು 1972ರಲ್ಲಿ, ಗಣರಾಜ್ಯವಾದಾಗ.

ಇನ್ನೊಂದು ಸಂಗತಿ ಹೇಳಲೇಬೇಕು. ನಾನು ಶ್ರೀರಂಗಪಟ್ಟಣದ ಪಕ್ಕದವನು. ಡಚ್ಚರ ಪರವಾಗಿ ಲಂಕೆಯಲ್ಲಿ ಕಾವಲಿದ್ದದ್ದು ಡಿ ಮ್ಯೂರಾನ್ ಎಂಬ ಸ್ವಿಸ್ ದಂಡು. 1795ರಲ್ಲಿ ಬ್ರಿಟಿಷರು ಆ ದಂಡಿನ ಮಾಲೀಕನ ಜೊತೆ ಒಪ್ಪಂದ ಮಾಡಿಕೊಂಡು ಸೈನಿಕರನ್ನು ತಮ್ಮ ಕಡೆ ಎಳೆದುಕೊಂಡರು. ಲಂಕೆಯಲ್ಲಿ ಡಚ್ಚರ ಕೈ ಸೋತದ್ದು ಅರ್ಧ ಅದರಿಂದಲೇ. ಅದೇ ದಂಡು 1799ರಲ್ಲಿ ಟಿಪ್ಪುವಿನ ಕೋಟೆಯ ಮುತ್ತಿಗೆಯಲ್ಲಿ ನಿಂತಿತ್ತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಹಳೆಯ ಸೈನಿಕ ಸ್ಮಶಾನಕ್ಕೆ ಹೋಗಿ ನೋಡಿ. ಆ ದಂಡಿನವರ ಗೋರಿಗಳು ಈಗಲೂ ಇವೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಆ ಕಲ್ಲಿನ ಮುಂದೆ ನಿಲ್ಲಿಸಿ ಇದೇ ಕತೆ ಹೇಳುತ್ತಿದ್ದೆ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ, ಸಿಲೋನಿನಲ್ಲಿ ಕಾವಲು ಕಾದು, ನಮ್ಮೂರಲ್ಲಿ ಮಣ್ಣಾದವರು.

ಪುಟ್ಟಿಯ_ಅಮ್ಮ
ಮೇಷ್ಟ್ರೇ, ಮುಂದಿನ ಭಾನುವಾರವೇ ಅಲ್ಲಿಗೆ ಹೋಗ್ತೀವಿ. ತುಂಬಾ ಥ್ಯಾಂಕ್ಸ್.

ಕೋಲಾರದ_ರೈತ
ಕೆರೆಏರಿ ಅವರೇ, ನಿಮ್ಮ ಹೆಸರು ನೋಡಿ ಕೇಳ್ತಿದ್ದೀನಿ. ಅನುರಾಧಪುರದ ಕಡೆ ಕೆರೆಗಳು ಜಾಸ್ತಿ ಅಂತ ಓದಿದ್ದೆ. ನಮ್ಮ ಕೆರೆಗಳ ಹಾಗೇ ಇವೆಯಾ? ತೂಬು ಇದೆಯಾ?

ಕೆರೆಏರಿ
ಈ ಪ್ರಶ್ನೆಗೇ ಕಾಯ್ತಿದ್ದೆ ಅಣ್ಣ. ಎಲ್ಲರೂ ಬೀಚು, ಚಹಾ ತೋಟ ಕೇಳುತ್ತಾರೆ. ನನ್ನನ್ನು ಕೇಳಿದರೆ ಆ ದೇಶವನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಕೆರೆಯಿಂದ.

ಅಲ್ಲಿ ಕೆರೆಗೆ ವೆವ ಅಂತಾರೆ. ನಮ್ಮ ಹಳೆಗನ್ನಡದಲ್ಲಿ ಬರುವ ವಾಪಿ ಇದೆಯಲ್ಲ, ಅದೇ ಮೂಲ. ಒಣಸೀಮೆಯ ಹಳ್ಳಿ ಹಳ್ಳಿಗೂ ಒಂದು ವೆವ. ಊರಿನ ಹೆಸರೂ ಕೆರೆಯ ಹೆಸರೇ. ಒಂದೇ ಹಳ್ಳದ ಗುಂಟ ಮೇಲಿಂದ ಕೆಳಕ್ಕೆ ಸರಣಿ ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ. ಮೇಲಿನ ಗದ್ದೆಯ ಬಸಿನೀರೂ ಕೆಳಗಿನದಕ್ಕೆ. ನಿಮ್ಮ ಕೋಲಾರದ್ದೇ ಲೆಕ್ಕ.

ನನಗೆ ತುಂಬಾ ಹಿಡಿಸಿದ್ದು ಏರಿಯ ಹಿಂದಿನ ಜಾಗ. ಏರಿಗೂ ಗದ್ದೆಗೂ ನಡುವೆ ಒಂದು ಪಟ್ಟಿ ಕಾಡು ಬಿಟ್ಟಿರುತ್ತಾರೆ. ಕಟ್ಟಕಡುವ ಅಂತ ಹೆಸರು. ನಾನಿದ್ದ ಮನೆಯಿಂದ ಐದು ನಿಮಿಷ. ಏರಿ ಇಳಿದರೆ ಕಾಲಿಗೆ ತಣ್ಣಗೆ ಜೌಗು, ಜೊಂಡು, ಅದರ ಮೇಲೆ ದಟ್ಟ ಮರಗಳು. ಏರಿಯಿಂದ ಜಿನುಗುವ ನೀರಿನ ಉಪ್ಪನ್ನು ಆ ಗಿಡಗಳು ಹೀರಿಕೊಳ್ಳುತ್ತವೆ, ಗದ್ದೆಗೆ ಚೌಳು ಹಿಡಿಯಲ್ಲ. ಪಕ್ಕದ ಮನೆಯ ಅಜ್ಜ ಅಲ್ಲಿಂದ ಒಂದು ಕಡ್ಡಿಯನ್ನೂ ಮುರಿಯಲು ಬಿಡುತ್ತಿರಲಿಲ್ಲ. ನಮ್ಮ ಕಡೆ ಆ ಜಾಗದಲ್ಲಿ ಸೈಟು ಮಾಡಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ತೂಬು ಇದೆ. ಅಷ್ಟೇ ಅಲ್ಲ, ದೊಡ್ಡ ಕೆರೆಗಳಲ್ಲಿ ಬಿಸೊಕೊಟುವ ಅಂತ ಒಂದಿದೆ. ಏರಿಯೊಳಗೆ ಕಲ್ಲು ಕಟ್ಟಿದ ಚೌಕದ ಬಾವಿ ಅಂದುಕೊಳ್ಳಿ. ಕೆರೆಯ ನೀರು ಮೊದಲು ಅದಕ್ಕೆ ಬರುತ್ತದೆ. ಅಲ್ಲಿ ರಭಸ ಕಳೆದುಕೊಂಡು, ಬೇಕಾದಷ್ಟು ಮಾತ್ರ ಆಚೆ ಹೋಗುತ್ತದೆ. ಏರಿ ಕೊರೆಯಲ್ಲ. ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ಎಂಜಿನಿಯರ್ ಈ ಹಳೆಯ ತೂಬುಗಳನ್ನು ಅಳೆದು ನೋಡಿ, ಇವತ್ತಿನ ವಾಲ್ವ್ ಬಾವಿಯ ಕೆಲಸವನ್ನೇ ಇವು ಮಾಡುತ್ತಿದ್ದವು ಅಂತ ಬರೆದ.

ಕೋಲಾರದ_ರೈತ
ನಮ್ಮ ನೀರುಗಂಟಿ ತರ ಅಲ್ಲೂ ಯಾರಾದ್ರೂ ಇದ್ದಾರಾ?

ಕೆರೆಏರಿ
ಇದ್ದರು, ವೆಲ್ ವಿದಾನೆ ಅಂತ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅನ್ನುವುದು ಅವನ ಕೈಯಲ್ಲಿ. ಈಗ ರೈತರ ಸಂಘಗಳು ಆ ಕೆಲಸ ಮಾಡುತ್ತವೆ. ಬೆಳೆ ಎರಡು. ಹಿಂಗಾರಿನ ದೊಡ್ಡ ಬೆಳೆಗೆ ಮಹ, ಮುಂಗಾರಿನದಕ್ಕೆ ಯಲ ಅಂತ ಹೆಸರು. ನೀರು ಕಡಿಮೆಯಾದ ವರ್ಷ ಏನು ಮಾಡುತ್ತಾರೆ ಗೊತ್ತಾ? ಕೆರೆಗೆ ಹತ್ತಿರದ ಸ್ವಲ್ಪ ಭೂಮಿಯನ್ನು ಮಾತ್ರ ಎಲ್ಲರಿಗೂ ಹಂಚಿಕೊಂಡು ಬೇಸಾಯ ಮಾಡುತ್ತಾರೆ. ಬೆತ್ಮ ಅಂತ ಆ ಪದ್ಧತಿಗೆ ಹೆಸರು. ಭೂಮಿ ಯಾರದ್ದೇ ಇರಲಿ, ಆ ವರ್ಷದ ಮಟ್ಟಿಗೆ ಪಾಲು ಎಲ್ಲರದ್ದು.

ಕೋಲಾರದ_ರೈತ
ಇದನ್ನು ನಮ್ಮ ಸಂಘದ ಸಭೆಯಲ್ಲಿ ಹೇಳಲೇಬೇಕು. ಬೆತ್ಮ. ಬರೆದಿಟ್ಟುಕೊಂಡೆ.

ಹಳೇ_ಮೇಷ್ಟ್ರು
ಕೆರೆ ಕಟ್ಟಿದ ರಾಜರ ಕತೆ ಒಂದನ್ನು ಸೇರಿಸುತ್ತೇನೆ. 5ನೇ ಶತಮಾನದಲ್ಲಿ ಧಾತುಸೇನ ಎಂಬ ರಾಜ ಕಲಾ ವೆವ ಕಟ್ಟಿಸಿದ. ಅದರಿಂದ ಅನುರಾಧಪುರಕ್ಕೆ ಸುಮಾರು 87 ಕಿ.ಮೀ. ಉದ್ದದ ಕಾಲುವೆ ಬಂತು. ಮೊದಲ 27 ಕಿ.ಮೀ.ನಲ್ಲಿ ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಮಾತ್ರ ಇಳಿಜಾರು. ಒಂದು ಗೇಣೂ ಇಲ್ಲ. ಯಂತ್ರವಿಲ್ಲದ ಕಾಲದಲ್ಲಿ ಅದನ್ನು ಹೇಗೆ ಅಳೆದರೋ! ಮಗ ಕಶ್ಯಪ ತಂದೆಯನ್ನೇ ಸೆರೆ ಹಿಡಿದ. ಬಚ್ಚಿಟ್ಟ ಐಶ್ವರ್ಯ ತೋರಿಸು ಎಂದ. ಮುದುಕ ಕಲಾ ವೆವಕ್ಕೆ ಹೋಗಿ, ನೀರಿಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ, ನನ್ನ ಸಂಪತ್ತು ಇಷ್ಟೇ ಎಂದನಂತೆ. ಮಗ ಅವನನ್ನು ಕೊಲ್ಲಿಸಿದ. ಅಲ್ಲಿನ ಹಳೆಯ ಪಾಳಿ ಭಾಷೆಯ ವೃತ್ತಾಂತದಲ್ಲಿ ಬರುವ ಕತೆ ಇದು. ಪ್ರವಾಸಿಗರೆಲ್ಲ ಹತ್ತುವ ಸಿಗಿರಿಯಾ ಬಂಡೆಯ ಅರಮನೆ ಆ ಕಶ್ಯಪನದೇ.

12ನೇ ಶತಮಾನದಲ್ಲಿ ಪೊಳೊನ್ನರುವದಿಂದ ಆಳಿದ ಪರಾಕ್ರಮಬಾಹುವಂತೂ ಮಳೆನೀರಿನ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಸಮುದ್ರ ಸೇರಬಾರದು ಎಂದವನು. ಅವನ ಕೆರೆಗೆ ಪರಾಕ್ರಮ ಸಮುದ್ರ ಎಂದೇ ಹೆಸರು. ಅದರ ನೀರಲ್ಲಿ ಈಗಲೂ ಗದ್ದೆ ಬೆಳೆಯುತ್ತಿದೆ.

ಕಾಡುಪಾಪ
ಕೆರೆಗೂ ಆನೆಗೂ ನಂಟಿದೆ. ಮಿನ್ನೇರಿಯ ಕೆರೆ ಗೊತ್ತಲ್ವಾ? ಮಹಾಸೇನ ರಾಜ ಕಟ್ಟಿಸಿದ್ದು, 1,700 ವರ್ಷ ಹಳೆಯದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೇಸಿಗೆ. ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡಿನಿಂದ ನೂರಾರು ಆನೆ ಬಂದು ಸೇರುತ್ತವೆ. ನಮ್ಮ ಕಬಿನಿ ಹಿನ್ನೀರಿನಲ್ಲಿ ಏಪ್ರಿಲ್, ಮೇನಲ್ಲಿ ಆಗುವುದೂ ಇದೇ ಅಲ್ವಾ? ಮೊರಗಹಕಂದ ಜಲಾಶಯ ಬಂದ ಮೇಲೆ ಬೇಸಿಗೆಯಲ್ಲೂ ಮಿನ್ನೇರಿಯಕ್ಕೆ ನೀರು ಹರಿದು, ಹುಲ್ಲಿನ ಜಾಗ ಮುಳುಗಿ, ಆನೆಗಳು ಚದುರಿದ್ದೂ ಇದೆ. ರೈತರಿಗೆ ನೀರು ಬೇಕು, ಆನೆಗೆ ಹುಲ್ಲು ಬೇಕು. ಇಬ್ಬರದ್ದೂ ನ್ಯಾಯವೇ.

ಇನ್ನೊಂದು. ಅಲ್ಲಿನ ನೂರು ಗಂಡಾನೆಯಲ್ಲಿ ಹತ್ತಕ್ಕೂ ದಂತ ಇರುವುದಿಲ್ಲ. ನಮ್ಮಲ್ಲಿ ತಿರುಗಾಮುರುಗಾ. ಇಲ್ಲಿ ದಂತವಿಲ್ಲದ ಮಖನಾ ಅಪರೂಪ, ಅಲ್ಲಿ ಅದೇ ಮಾಮೂಲು. ಬ್ರಿಟಿಷರ ಕಾಲದಲ್ಲಿ ವಿಪರೀತ ಬೇಟೆಯಾಯಿತು. ಥಾಮಸ್ ರೋಜರ್ಸ್ ಎಂಬ ಒಬ್ಬನೇ ಅಧಿಕಾರಿ 1,400ಕ್ಕೂ ಹೆಚ್ಚು ಆನೆ ಹೊಡೆದ ಅಂತ ದಾಖಲೆ ಹೇಳುತ್ತದೆ. ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೆರೆಏರಿ
2011ರ ಗಣತಿಯಲ್ಲಿ 5,879 ಆನೆ. ಆನೆ ಮತ್ತು ಜನ ಒಂದೇ ಜಾಗದಲ್ಲಿ ಬದುಕುತ್ತಿದ್ದಾರೆ, ಅದೇ ಕಷ್ಟ. 2019ರಲ್ಲಿ 400ಕ್ಕೂ ಜಾಸ್ತಿ ಆನೆ, 120ಕ್ಕೂ ಜಾಸ್ತಿ ಜನ ಸತ್ತರು. 2025ರ ಫೆಬ್ರವರಿಯಲ್ಲಿ ಹಬರಣ ಹತ್ತಿರ ರೈಲು ಆನೆ ಹಿಂಡಿಗೆ ಗುದ್ದಿ ಆರು ಆನೆ ಹೋದವು. ಮರುದಿನ ನಮ್ಮ ಆಫೀಸಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಹಾಸನ, ಕೊಡಗಿನವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ತೋಟದ_ಮನೆ
ಮೂಡಿಗೆರೆಯಿಂದ ನಮಸ್ಕಾರ. ಸಿಲೋನ್ ಅಂದರೆ ಟೀ ಅನ್ನುತ್ತಾರೆ, ಆದರೆ ಮೊದಲು ಅಲ್ಲಿದ್ದದ್ದು ಕಾಫಿ. ನಮ್ಮ ಮಾವನವರು ಹೇಳುತ್ತಿದ್ದರು. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಬೆರಳಲ್ಲಿ ಉಜ್ಜಿದರೆ ಅರಿಶಿನ ಹಿಡಿದ ಹಾಗೆ ಅಂಟುತ್ತದೆ, ಆಮೇಲೆ ಎಲೆ ಉದುರಿ ಗಿಡ ಬೋಳಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಾಫಿ ತೋಟಗಳು ನೆಲ ಕಚ್ಚಿದವು. ಜೇಮ್ಸ್ ಟೇಲರ್ 1867ರಲ್ಲೇ ಲೂಲ್‌ಕಂದುರ ತೋಟದಲ್ಲಿ 19 ಎಕರೆ ಟೀ ಹಾಕಿದ್ದ. ಉಳಿದವರೆಲ್ಲ ಆ ದಾರಿ ಹಿಡಿದರು.

ಅದೇ ರೋಗ ನಮ್ಮ ಕಡೆಗೂ ಬಂತು. ನಮ್ಮವರು ಕಾಫಿ ಬಿಡಲಿಲ್ಲ. ಮರದ ನೆರಳು ಉಳಿಸಿಕೊಂಡರು, ತಳಿ ಬದಲಿಸಿದರು, ರೊಬಸ್ಟಾ ಹಾಕಿದರು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್ 795 ತಳಿ ನಮ್ಮ ತೋಟದಲ್ಲಿ ಈಗಲೂ ಇದೆ. ಈ ವರ್ಷವೂ ಜೂನ್‌ಗೆ ಮೊದಲು ಬೋರ್ಡೋ ದ್ರಾವಣ ಹೊಡೆಸಿದ್ದೇವೆ.

ಸುಳ್ಯದವ
ತೋಟದ ಕತೆ ಬಂದದ್ದಕ್ಕೆ ನಾನೂ ಬರೆಯುತ್ತೇನೆ ಅಕ್ಕ. ಆ ಕಾಫಿ, ಟೀ ತೋಟಗಳಿಗೆ ಕೆಲಸಕ್ಕೆ ಕರೆದುಕೊಂಡು ಹೋದದ್ದು ತಮಿಳುನಾಡಿನ ಬಡವರನ್ನು. ಮೂರು ನಾಲ್ಕು ತಲೆಮಾರು ಅಲ್ಲೇ ದುಡಿದರು. 1948ರ ಪೌರತ್ವ ಕಾನೂನು ಬಂದಾಗ ಅವರು ಯಾವ ದೇಶದವರೂ ಅಲ್ಲ ಅಂತಾಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲೇ ಅಂತ. ಹುಟ್ಟಿದ ಊರನ್ನು ಹಾಗೆ ಲೆಕ್ಕ ಹಾಕಿ ಹಂಚಿದರು ಮಾರಾಯ್ರೇ.

ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿಗೂ ಬಂದರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ, ಅಲ್ಲೇ ಕಾಲನಿ. ನನ್ನ ಜೊತೆ ಶಾಲೆಗೆ ಬಂದ ಗೆಳೆಯರಲ್ಲಿ ಆ ಮನೆಯವರಿದ್ದರು. ಕನ್ನಡ, ತುಳು, ತಮಿಳು ಮೂರೂ ಮಾತಾಡುತ್ತಾರೆ. ಈಗಲೂ ಊರಲ್ಲಿ ಅವರಿಗೆ ಸಿಲೋನಿನವರು ಅಂತಲೇ ಹೆಸರು.

ಪುಟ್ಟಿಯ_ಅಮ್ಮ
ಇದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನಡೆದ ಯುದ್ಧಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಳೇ_ಮೇಷ್ಟ್ರು
ಯುದ್ಧ ನಡೆದದ್ದು ಮುಖ್ಯವಾಗಿ ಉತ್ತರ, ಪೂರ್ವದ ತಮಿಳರ ನಾಡಿನಲ್ಲಮ್ಮ. ಅವರು ಶತಮಾನಗಳಿಂದ ಅಲ್ಲಿನವರೇ. ತೋಟದ ತಮಿಳರ ಇತಿಹಾಸ ಬೇರೆ. ಆದರೆ ಬೇರು ಒಂದೇ ಕಡೆ ಹೋಗುತ್ತದೆ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಬಂತು. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟರು. ಸುಮಾರು 97,000 ಪುಸ್ತಕ, ತಾಳೆಗರಿ ಹೋದವು. 1983ರ ಜುಲೈನಲ್ಲಿ ತಮಿಳರ ಮೇಲೆ ದೊಡ್ಡ ಹಿಂಸೆ ನಡೆಯಿತು. ಯುದ್ಧ 2009ರ ಮೇವರೆಗೆ ಎಳೆಯಿತು. ಎಲ್ಲ ಕಡೆಯ ಸಾಮಾನ್ಯ ಜನ ಸತ್ತರು. ಮಗಳಿಗೆ ಇಷ್ಟು ಸಾಕು, ದೊಡ್ಡವಳಾದ ಮೇಲೆ ಜಾಸ್ತಿ ಓದಲಿ.

ಕೆರೆಏರಿ
ಜಾಫ್ನಾ ಗ್ರಂಥಾಲಯವನ್ನು ಮತ್ತೆ ಕಟ್ಟಿದ್ದಾರೆ. ಬಿಳಿ ಕಟ್ಟಡ, ಮುಂದೆ ಸರಸ್ವತಿ ವಿಗ್ರಹ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಶಾಲೆಯ ಮಕ್ಕಳು ಕೂತು ಓದುತ್ತಿದ್ದರು.

ಸುಳ್ಯದವರೇ, ನಿಮ್ಮ ಕಾಲನಿಯ ಹಿರಿಯರಿಗೆ ಅಲ್ಲಿನ ನೆನಪು ಇದೆಯಾ?

ಸುಳ್ಯದವ
ಇದೆ. ಗೆಳೆಯನ ಅಜ್ಜಿ ಹ್ಯಾಟನ್ ಕಡೆಯವರು. ಈಗಲೂ ಹಾಲಿಲ್ಲದ ಚಹಾವನ್ನು ಪ್ಲೇನ್‌ಟೀ ಅಂತಾರೆ. ಸಕ್ಕರೆ ಹಾಕಲ್ಲ. ಅಂಗೈಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು, ಒಂದು ಕಚ್ಚು, ಒಂದು ಗುಟುಕು. ಅಲ್ಲಿ ಕಿತುಲ್ ಬೆಲ್ಲ ಇತ್ತಂತೆ. ಅದು ನಮ್ಮ ಬೈನೆ ಮರವೇ. ಇಲ್ಲಿ ಬೈನೆ ಬೆಲ್ಲ ಸಿಗುವುದು ಕಷ್ಟ, ಓಲೆ ಬೆಲ್ಲದಲ್ಲಿ ಸಮಾಧಾನ ಮಾಡಿಕೊಳ್ಳುತ್ತಾರೆ.

ನಿಮ್ಮ ಈ ಬರಹವನ್ನು ನಿನ್ನೆ ಅವರಿಗೆ ಓದಿ ಹೇಳಿದೆ. ಒಂದೇ ಪ್ರಶ್ನೆ ಕೇಳಿದರು. ಹ್ಯಾಟನ್‌ನಿಂದ ಶ್ರೀಪಾದಕ್ಕೆ ಹೋಗುವ ದಾರಿಯಲ್ಲಿ ರಾತ್ರಿ ದೀಪದ ಸಾಲು ಈಗಲೂ ಹಾಕುತ್ತಾರಾ ಅಂತ.

ಕೆರೆಏರಿ
ಹಾಕುತ್ತಾರೆ ಅಂತ ಹೇಳಿ. ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆವರೆಗೆ, ಬುಡದಿಂದ ತುದಿಯವರೆಗೆ. ನನ್ನ ಫೋನಿನಲ್ಲಿ ಫೋಟೋ ಇದೆ, ಹ್ಯಾಟನ್ ರೈಲು ನಿಲ್ದಾಣದ್ದೂ ಇದೆ. ಈ ವಾರ ಧರ್ಮಸ್ಥಳಕ್ಕೆ ಬರುವವನಿದ್ದೇನೆ. ಅಲ್ಲಿಂದ ಸುಳ್ಯಕ್ಕೆ ಬರುತ್ತೇನೆ. ಕಿತುಲ್ ಬೆಲ್ಲ ಎರಡು ಅಚ್ಚು ತಂದಿದ್ದೆ, ಒಂದು ಹಾಗೇ ಉಳಿದಿದೆ. ಅಜ್ಜಿಗೆ ಕೊಡುತ್ತೇನೆ.